ಪಾಳ್ಯ ಸೀಮೆಯ ಮನೆಯೂ ಬಯಲುಸೀಮೆಯ ಲೆಕ್ಕವೂ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆ ಯಾರನ್ನೂ ಹೆದರಿಸುವುದಕ್ಕಾಗಿ ಹುಟ್ಟಿದ್ದಲ್ಲ. ಲೆಕ್ಕ ಹಾಕಿ ಕೈಯಿಡು ಎಂಬುದೇ ಅದರ ಇಂಗಿತ. ಆಲೂರು ತಾಲ್ಲೂಕಿನ ಪಾಳ್ಯ ಹೋಬಳಿಯಿಂದ ಸಕಲೇಶಪುರದ ಘಟ್ಟದಂಚಿನವರೆಗೆ ಸಂಚರಿಸುವವರಿಗೆ, ಕಿಟಕಿಯ ಮಟ್ಟದಲ್ಲಿ ನಿಂತುಹೋಗಿ ಪಾಚಿಗಟ್ಟಿದ ಗೋಡೆಗಳು ಅಲ್ಲಲ್ಲಿ ಕಾಣಸಿಗುತ್ತವೆ. ಅವುಗಳ ಯಜಮಾನರೆಲ್ಲರೂ ದುಂದುಗಾರರೆಂದು ಹೇಳಲಾಗದು. ಬಯಲುಸೀಮೆಯ ಚದರದ ದರವನ್ನು ಮಲೆನಾಡಿನ ನೆಲಕ್ಕೆ ಅನ್ವಯಿಸುವುದೇ ಈ ಅನರ್ಥಕ್ಕೆ ಬಹುಮಟ್ಟಿಗೆ ಮೂಲವೆಂದು ನಮ್ಮ ಅಭಿಪ್ರಾಯ.

ನೂರು ಚದರಡಿಗೆ ಒಂದು ಚದರ. ಚದರಕ್ಕೆ ಇಷ್ಟು ರೂಪಾಯಿ ಎಂದು ಮೇಸ್ತ್ರಿಗಳು ಬಾಯಿಲೆಕ್ಕ ಹೇಳುವುದು ವಾಡಿಕೆ. ಆ ಲೆಕ್ಕವು ನೆಲವನ್ನು ಅಳೆಯುತ್ತದೆಯೇ ಹೊರತು ಮಳೆಯನ್ನು ಅಳೆಯುವುದಿಲ್ಲ. ಮೂವತ್ತು ಅಡಿ ಉದ್ದ, ಮೂವತ್ತು ಅಡಿ ಅಗಲದ ಮನೆಯೊಂದನ್ನು ಎಣಿಸಿಕೊಳ್ಳಿರಿ. ನೆಲ 9 ಚದರ. ಗೋಡೆ ನೆನೆಯದಂತೆ ಸುತ್ತಲೂ ಮೂರಡಿ ಸೂರು ಬಿಟ್ಟರೆ 36 ಅಡಿಗೆ 36 ಅಡಿ. ನೀರು ಹರಿಯಲು 30 ಡಿಗ್ರಿ ಇಳಿಜಾರು ಕೊಟ್ಟರೆ ಹೊದಿಸಬೇಕಾದ ಮಾಡು ಸುಮಾರು 15 ಚದರವಾಗುತ್ತದೆ. ಚದರಕ್ಕೆ 140ರಂತೆ, ಒಡಕನ್ನೂ ಸೇರಿಸಿ, 2,250 ಮಂಗಳೂರು ಹೆಂಚು ಬೇಕು; ತೊಲೆ, ಜಂತೆ, ರೀಪುಗಳೂ ಅದೇ ಪ್ರಮಾಣದಲ್ಲಿ ಏರುತ್ತವೆ. ಒಂಬತ್ತು ಚದರಕ್ಕೆ ಹಣ ಕೂಡಿಸಿ ಹದಿನೈದು ಚದರಕ್ಕೆ ಮಾಡು ಹಾಕಲು ಹೊರಟವನು ಸಾಲಗಾರನಾಗದೆ ಮತ್ತೇನಾದಾನು?

ಎರಡನೆಯದು ಸಾಗಣೆ. ಹೆಂಚು ಮಂಗಳೂರಿನ ಕಡೆಯಿಂದ ಶಿರಾಡಿ ಘಟ್ಟ ಹತ್ತಿ ಬರಬೇಕು. 2018ರ ಆಗಸ್ಟ್ ತಿಂಗಳಲ್ಲಿಯೂ 2024ರ ಜುಲೈ ತಿಂಗಳಲ್ಲಿಯೂ ಗುಡ್ಡ ಕುಸಿದು ಆ ದಾರಿಯಲ್ಲಿ ಸಂಚಾರ ನಿಂತುದು ಸರ್ವವಿದಿತ. ಹೆದ್ದಾರಿಯಿಂದ ತೋಟದೊಳಗಿನ ಮನೆಯವರೆಗೆ ಸಣ್ಣ ವಾಹನಕ್ಕೆ ಸರಕು ಬದಲಾಯಿಸುವ ಬಾಡಿಗೆ, ಇಳಿಸುವ ಕೂಲಿ ಬೇರೆ. ಇವಕ್ಕೆ ಪಟ್ಟಿಯಲ್ಲಿ ಪ್ರತ್ಯೇಕ ಕಲಮು ಇರಬೇಕು.

ಮೂರನೆಯದು ಕಾಲ. ನವೆಂಬರಿನಿಂದ ಮೇ ತಿಂಗಳವರೆಗೆ ಮಾತ್ರ ಇಲ್ಲಿ ಕಟ್ಟುವ ಕೆಲಸಕ್ಕೆ ಅನುಕೂಲ. ಅದೇ ಕಾಲದಲ್ಲಿ ಮೊದಲು ಅರೇಬಿಕಾ, ಬಳಿಕ ರೊಬಸ್ಟಾ ಕಾಫಿಯ ಕೊಯ್ಲು. ಆಳುಗಳು ತೋಟದಲ್ಲಿರುತ್ತಾರೆ, ಕೂಲಿ ಏರುತ್ತದೆ. ಬೆಳೆ ಮಾರಿದ ಹಣ ಕೈಸೇರುವಷ್ಟರಲ್ಲಿ ಫೆಬ್ರವರಿಯೋ ಮಾರ್ಚಿಯೋ ಬಂದಿರುತ್ತದೆ. ಹಣವೂ ಬಿಸಿಲೂ ಕೂಡಿ ದೊರೆಯುವುದು ಮೂರು ತಿಂಗಳು ಮಾತ್ರ. ಆದುದರಿಂದ ಮೊದಲ ವರ್ಷ ತಳಪಾಯವನ್ನು ಮುಗಿಸಿ ಒಂದು ಮಳೆಗಾಲ ಕೂರಲು ಬಿಟ್ಟು, ಎರಡನೆಯ ವರ್ಷ ಗೋಡೆ ಮಾಡುಗಳನ್ನು ಎತ್ತುವುದು ವಿವೇಕ. ಬಡ್ಡಿಯ ಸಾಲವಿಲ್ಲದೆ ಮನೆಯೇಳಲು ಇದಕ್ಕಿಂತ ಸುಲಭ ಮಾರ್ಗ ನಮಗೆ ಕಾಣದು.

ಸ್ಥಳದ ವಸ್ತುಗಳನ್ನು ಮರೆಯುವುದೂ ವೆಚ್ಚಕ್ಕೆ ಕಾರಣ. ಆದರ್ಶ ಗ್ರಾಮದ ಮನೆಯ ಸಾಮಗ್ರಿ ಐದು ಮೈಲಿಯೊಳಗೆ ದೊರೆಯುವಂತಿರಬೇಕೆಂಬ ಗಾಂಧೀಜಿಯವರ ಮಾತು ತಮ್ಮ ವಿಚಾರವನ್ನೇ ತಿದ್ದಿತೆಂದು ವಾಸ್ತುಶಿಲ್ಪಿ ಲಾರಿ ಬೇಕರ್ ಹೇಳುತ್ತಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗವು ಮಣ್ಣಿಗೆ ಅಲ್ಪ ಸಿಮೆಂಟು ಬೆರೆಸಿ ಅದುಮಿದ ಇಟ್ಟಿಗೆಗಳನ್ನು ಬಳಕೆಗೆ ತಂದಿತು. ಎತ್ತರದ ಕಲ್ಲಿನ ಪಾಯ, ಅಗಲವಾದ ಸೂರು ಇವೆರಡೂ ಇದ್ದರೆ ಅಂತಹ ಗೋಡೆ ನಮ್ಮ ಮಳೆಗೂ ಯೋಗ್ಯ.

ಅಂದಾಜು ಪಟ್ಟಿ ಹೇಗಿರಬೇಕು? ಪ್ರತಿಯೊಂದು ಕಲಮಿಗೂ ಪ್ರಮಾಣ, ದರ, ಮೊತ್ತ, ಮೇಲ್ಗಡೆ ತಾರೀಖು. ಸಿಮೆಂಟಿನ ಮೇಲಿನ ತೆರಿಗೆಯೇ 2025ರ ಸೆಪ್ಟೆಂಬರ್ 22ರಂದು ಶೇಕಡಾ 28ರಿಂದ 18ಕ್ಕೆ ಇಳಿಯಿತು. ತಾರೀಖಿಲ್ಲದ ದರವನ್ನು ನಂಬುವುದೆಂತು? ಬಾವಿ, ಶೌಚಗೃಹ, ವಿದ್ಯುತ್ತು, ಧರೆಗೆ ಕಟ್ಟುವ ತಡೆಗೋಡೆ ಇವು ಮನೆಯ ಹೊರಗಿದ್ದರೂ ಲೆಕ್ಕದ ಹೊರಗಿರಕೂಡದು. ಕೊನೆಯಲ್ಲಿ ಸಾದಿಲ್ವಾರು ಬಾಬಿಗೆ ನೂರಕ್ಕೆ ಹತ್ತನ್ನಾದರೂ ತೆಗೆದಿಡಬೇಕು. ಮೇಸ್ತ್ರಿಗೆ ಕೊಡುವ ಹಣ ಆಗಿರುವ ಕೆಲಸದ ಅಳತೆಗೆ ಮೀರದಿರಲಿ.

ಸ್ಥಳದಿಂದ ವೆಚ್ಚ ಹೆಚ್ಚುವುದೆಂಬ ತತ್ವವನ್ನು ಸರ್ಕಾರವೂ ಒಪ್ಪಿದೆ. 2016ರಲ್ಲಿ ಆರಂಭವಾದ ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆಯು ಬಯಲು ಪ್ರದೇಶಕ್ಕೆ 1,20,000 ರೂಪಾಯಿಯನ್ನೂ ಗುಡ್ಡಗಾಡು ರಾಜ್ಯಗಳಿಗೆ ಹಾಗೂ ದುರ್ಗಮ ಪ್ರದೇಶಗಳಿಗೆ 1,30,000 ರೂಪಾಯಿಯನ್ನೂ ಗೊತ್ತುಮಾಡಿತು. ಮಲೆನಾಡಿನ ಮಳೆಯನ್ನು ಲೆಕ್ಕಕ್ಕೆ ಹಿಡಿದರೆ ಈ ಅಂತರ ಅತ್ಯಲ್ಪ. ಪ್ರತಿ ವರ್ಷ ನವೆಂಬರಿನಲ್ಲಿ ಕಲ್ಲು, ಮರಳು, ಹೆಂಚು, ಕೂಲಿ, ಸಾಗಣೆಗಳ ಸ್ಥಳೀಯ ದರಪಟ್ಟಿಯೊಂದನ್ನು ಹೋಬಳಿವಾರು ಸಿದ್ಧಪಡಿಸಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸುವುದು ಲೋಕೋಪಯೋಗಿ ಇಲಾಖೆಗೆ ಅಸಾಧ್ಯವೇನಲ್ಲ. ಅದಕ್ಕೆ ತಗಲುವುದು ಒಂದು ಹಾಳೆ. ಉಳಿಯುವುದು ಅನೇಕ ಸಂಸಾರಗಳ ಭೂಮಿ. ಅಡವಿಟ್ಟ ತೋಟದ ನಡುವೆ ಎದ್ದ ಚೆಲುವಾದ ಮನೆಗಿಂತ, ಋಣವಿಲ್ಲದ ಚಿಕ್ಕ ಮನೆಯೇ ಸ್ವತಂತ್ರ ಪ್ರಜೆಗೆ ಒಪ್ಪುವ ವಾಸಸ್ಥಾನ.