ಹುಟ್ಟಿದ ದಿನ ಅಂಟಿದ್ದು, ನಲವತ್ತರಲ್ಲಿ ಕಾಣುವುದು

1970ರ ದಶಕದ ತೈವಾನಿನಲ್ಲಿ ಲಿವರ್ ಕ್ಯಾನ್ಸರ್ ನಡುವಯಸ್ಸಿನ ಗಂಡಸರನ್ನು ಹೊತ್ತೊಯ್ಯುತ್ತಿತ್ತು. ಆ ರೋಗಿಗಳ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ಸಿನ ಗುರುತು ಪದೇ ಪದೇ ಸಿಗುತ್ತಿತ್ತು. ಆದರೆ ವೈರಸ್ಸಿನಿಂದ ಕ್ಯಾನ್ಸರ್ ಬಂತೋ, ಕ್ಯಾನ್ಸರಿನಿಂದ ಸೊರಗಿದ ಮೈಗೆ ವೈರಸ್ ಹೊಕ್ಕಿತೋ? ಹಾಸಿಗೆ ಹಿಡಿದವರನ್ನಷ್ಟೇ ಪರೀಕ್ಷಿಸುತ್ತಿದ್ದರೆ ಇದು ಬಗೆಹರಿಯುವ ಪ್ರಶ್ನೆಯಲ್ಲ.

ಅಮೆರಿಕದಿಂದ ಅಲ್ಲಿಗೆ ಹೋಗಿದ್ದ ವೈದ್ಯ ಪಾಮರ್ ಬೀಸ್ಲಿ ಗಟ್ಟಿಮುಟ್ಟಾಗಿದ್ದವರಿಂದಲೇ ಶುರು ಮಾಡಿದರು. 22,707 ಗಂಡಸರ ರಕ್ತ ಪರೀಕ್ಷಿಸಿ, ಮುಂದೆ ಅವರಿಗೇನಾಗುತ್ತದೆಂದು ಕಾದರು. ಅವರೆಲ್ಲ ಸರ್ಕಾರಿ ನೌಕರರು. ಜೀವವಿಮೆ ಇದ್ದುದರಿಂದ ಯಾರು ತೀರಿಕೊಂಡರು, ಯಾವುದರಿಂದ ಎಂಬ ದಾಖಲೆ ತಪ್ಪುತ್ತಿರಲಿಲ್ಲ. ನನಗೆ ಈ ಸಂಶೋಧನೆಯ ಜೀವಾಳವೇ ಆ ಆಯ್ಕೆ ಅನ್ನಿಸುತ್ತದೆ. 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಲೆಕ್ಕ ಹೊರಬಂತು. ಲಿವರ್ ಕ್ಯಾನ್ಸರಿನಿಂದ ಸತ್ತವರು 41 ಮಂದಿ. ಅವರಲ್ಲಿ 40 ಮಂದಿ ಮೊದಲೇ ವೈರಸ್ ಹೊತ್ತಿದ್ದ 3,454 ಜನರ ಪೈಕಿಯವರು. ವೈರಸ್ ಇಲ್ಲದ 19,253 ಜನರಲ್ಲಿ ಸತ್ತದ್ದು ಒಬ್ಬರೇ. ಅಂದರೆ ಅಪಾಯ 223 ಪಟ್ಟು. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟು ಕೂಡ ಇಷ್ಟು ಬಿಗಿಯಾದದ್ದಲ್ಲ.

ಈ ವೈರಸ್ ಅವರಿಗೆ ಎಲ್ಲಿಂದ ಬಂದಿತ್ತು? ಅನೇಕರಿಗೆ ತಾಯಿಯಿಂದ, ಹೆರಿಗೆಯ ಹೊತ್ತಿನಲ್ಲಿ. ಬೀಸ್ಲಿ ಮತ್ತು ಸಹೋದ್ಯೋಗಿಗಳು ಅದನ್ನೂ ತೋರಿಸಿಕೊಟ್ಟರು. ದೊಡ್ಡವರಿಗೆ ಸೋಂಕು ತಗುಲಿದರೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿ ಅದನ್ನು ಹೊರಹಾಕಿಬಿಡುತ್ತಾರೆ. ಹಸುಗೂಸಿನ ಮೈ ಇದು ಶತ್ರು ಎಂದು ಗುರುತಿಸುವುದೇ ಇಲ್ಲ. ಹತ್ತರಲ್ಲಿ ಒಂಬತ್ತು ಕೂಸುಗಳಲ್ಲಿ ವೈರಸ್ ಲಿವರಿನಲ್ಲಿ ಬೀಡುಬಿಡುತ್ತದೆ, ಜೀವಕೋಶದ ಡಿಎನ್‌ಎಯೊಳಗೆ ತನ್ನ ತುಣುಕುಗಳನ್ನು ಸೇರಿಸುತ್ತದೆ. ಲಿವರಿನ ಒಳಗೆ ನೋವಿನ ನರಗಳಿಲ್ಲ. ಮೂವತ್ತು, ನಲವತ್ತು ವರ್ಷ ಒಂದು ಸುಳಿವೂ ಸಿಗದೆ ಕಳೆದುಹೋಗಬಹುದು. ಹೊಟ್ಟೆ ಉಬ್ಬಿ, ತೂಕ ಇಳಿದು ಆಸ್ಪತ್ರೆಗೆ ಬರುವ ಹೊತ್ತಿಗೆ ಗಡ್ಡೆ ಎಷ್ಟೋ ಸಲ ಕೈಮೀರಿ ಬೆಳೆದಿರುತ್ತದೆ.

ತೈವಾನ್ 1984ರಲ್ಲಿ ವೈರಸ್ ಹೊತ್ತ ತಾಯಂದಿರ ಮಕ್ಕಳಿಗೆ ಲಸಿಕೆ ಕೊಡತೊಡಗಿತು, 1986ರಿಂದ ಎಲ್ಲ ಕೂಸುಗಳಿಗೂ. ಅಲ್ಲಿನ ವೈದ್ಯೆ ಚಾಂಗ್ ಮೇ-ಹ್ವೇ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 6ರಿಂದ 14 ವರ್ಷದ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಲಕ್ಷಕ್ಕೆ 0.70 ಇದ್ದದ್ದು 0.36ಕ್ಕೆ ಇಳಿದಿತ್ತು. ಲಸಿಕೆಯೊಂದು ಕ್ಯಾನ್ಸರನ್ನು ತಡೆಯಬಲ್ಲದೆಂದು ಜಗತ್ತು ಅಂಕಿಗಳಲ್ಲಿ ಕಂಡದ್ದು ಹೀಗೆ.

ಈಗ ನಮ್ಮ ಕಡೆ ನೋಡೋಣ. ಭಾರತದಲ್ಲಿ ಈ ಲಸಿಕೆ ಸರ್ಕಾರಿ ಕಾರ್ಯಕ್ರಮಕ್ಕೆ ಬಂದದ್ದು 2002ರಲ್ಲಿ, ಅದೂ ಕೆಲವೇ ನಗರ, ಜಿಲ್ಲೆಗಳಲ್ಲಿ. ದೇಶವಿಡೀ ಹಬ್ಬಲು 2011 ಆಯಿತು. ಅದಕ್ಕೆ ಮುಂಚೆ ಹುಟ್ಟಿದವರಲ್ಲಿ ಬಹುತೇಕರು ಲಸಿಕೆಯಿಲ್ಲದೆಯೇ ಬೆಳೆದರು. ಅವರಲ್ಲಿ ಎಷ್ಟೋ ಮಂದಿ ಈಗ ಮೂವತ್ತು, ನಲವತ್ತರ ಆಸುಪಾಸಿನಲ್ಲಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 2.98 ಕೋಟಿ ಜನರಲ್ಲಿ ಹೆಪಟೈಟಿಸ್ ಬಿ ಇತ್ತು. ತೈವಾನಿನ ಗಂಡಸರಿಗೆ ಬಂದ ಗತಿ ಇವರಲ್ಲಿ ಅನೇಕರಿಗೆ ಇನ್ನೂ ಮುಂದಿರಬಹುದು. ಇಂದು ಹಾಕಿದ ಲಸಿಕೆ ಈಗಾಗಲೇ ಒಳಗಿರುವ ವೈರಸ್ಸನ್ನು ಹೊರಹಾಕುವುದಿಲ್ಲ.

ನಮ್ಮ ಇನ್ನೊಂದು ತೊಡಕು ಕಾಮಾಲೆಯ ಬಗೆಗಿನ ನಂಬಿಕೆ. ಕಣ್ಣು ಹಳದಿಯಾದರೆ ಹಸಿರೌಷಧಿ, ಪಥ್ಯ; ಹಳದಿ ಇಳಿದರೆ ಕಾಯಿಲೆ ಹೋಯಿತೆಂದು ನಿರಾಳ. ಹುಟ್ಟಿನಿಂದ ಬಂದ ಸೋಂಕಿನಲ್ಲಿ ಕಣ್ಣು ಹಳದಿಯಾಗದೆಯೇ ದಶಕಗಳು ಹೋಗುತ್ತವೆ. ನೆಲನೆಲ್ಲಿಯಿಂದ ವೈರಸ್ ಹೋಗುತ್ತದೆಂಬ ಆಸೆಯನ್ನು 1988ರಲ್ಲಿ ಮದ್ರಾಸಿನ ಒಂದು ಅಧ್ಯಯನ ಹುಟ್ಟಿಸಿತ್ತು. ನಂತರ ಬೇರೆಡೆ ನಡೆದ ಪರೀಕ್ಷೆಗಳಲ್ಲಿ ಆ ಫಲ ಮತ್ತೆ ಸಿಗಲಿಲ್ಲ.

ಇನ್ನು, ಮಗುವಿನ ಲಸಿಕೆಗಳನ್ನು ಬರೆದಿಡುವ ತಾಯಿ ಕಾರ್ಡಿನಲ್ಲಿ ಒಂದು ಸಾಲನ್ನು ಗಮನಿಸಿ. ಹುಟ್ಟಿದ 24 ಗಂಟೆಯೊಳಗಿನ ಹೆಪಟೈಟಿಸ್ ಬಿ ಚುಚ್ಚುಮದ್ದು ಬೇರೆ, ಆರನೇ ವಾರದ ಪೆಂಟಾವೇಲೆಂಟ್ ಲಸಿಕೆ ಬೇರೆ. ತಾಯಿಯಿಂದ ದಾಟುವ ವೈರಸ್ಸಿಗೆ ಅಡ್ಡ ನಿಲ್ಲುವುದು ಮೊದಲನೆಯದು. ‘ಮುಂದಿನ ಸಲ ಹಾಕಿಸೋಣ’ ಎಂದರೆ ಆ ಹೊತ್ತು ಮೀರಿರುತ್ತದೆ.

ದೊಡ್ಡವರಿಗೆ ಬೇಕಾದದ್ದು ಒಂದು ರಕ್ತಪರೀಕ್ಷೆ. 2018ರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಅದು ಉಚಿತ, ಔಷಧಿಯೂ ಉಚಿತ. ಅಗತ್ಯವಿದ್ದವರಿಗೆ ದಿನಕ್ಕೊಂದು ಟೆನೊಫೊವಿರ್ ಮಾತ್ರೆ ವೈರಸ್ಸನ್ನು ಅದುಮಿಡುತ್ತದೆ. ಅಪಾಯ ಹೆಚ್ಚಿರುವವರಿಗೆ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿದರೆ ಗಡ್ಡೆ ಚಿಕ್ಕದಿರುವಾಗಲೇ ಸಿಗುವ ಸಾಧ್ಯತೆ ಹೆಚ್ಚು. ಮನೆಯಲ್ಲಿ ಒಬ್ಬರ ರಕ್ತದಲ್ಲಿ ವೈರಸ್ ಕಂಡರೆ ಅವರ ಮದ್ದು ಶುರುವಾದೊಡನೆ ಸುಮ್ಮನಾಗುವಂತಿಲ್ಲ. ಮರುದಿನವೇ ಪರೀಕ್ಷೆಗೆ ಕರೆಯಬೇಕಾದವರು ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರು, ಅಕ್ಕತಂಗಿಯರು. ಇದ್ದರೆ, ಆ ತಾಯಿಯೂ.