ಹಲರ ಒಡಂಬಡಿಕೆ: ಕುಂದಾಪುರ ಸೀಮೆಯ ಪಟ್ಟಣಗಳಲ್ಲಿ ತೆರಿಗೆಯೂ ಸಮ್ಮತಿಯೂ

ಊರಿನ ದಾರಿ, ಕೆರೆ, ಚರಂಡಿ ಮೊದಲಾದವುಗಳ ವೆಚ್ಚಕ್ಕೆ ಊರವರೇ ಒಪ್ಪಿ ತಮ್ಮ ಮೇಲೆ ತೆರಿಗೆಯನ್ನು ವಿಧಿಸಿಕೊಳ್ಳುವ ಪದ್ಧತಿಯು ಪಾಶ್ಚಾತ್ಯರದೆಂಬ ಭಾವನೆಯುಂಟು. ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ 1996ರಿಂದೀಚೆಗೆ ಮತದಾರರ ಒಪ್ಪಿಗೆಯಿಲ್ಲದೆ ನಗರಸಭೆಯು ಹೊಸ ತೆರಿಗೆಯನ್ನು ಹಾಕುವಂತಿಲ್ಲ. ಗೊತ್ತಾದ ಕಾರ್ಯಕ್ಕೆ ಮೀಸಲಾಗಿ ಸಭೆಯು ಸೂಚಿಸುವ ತೆರಿಗೆಗೆ ಮೂರರಲ್ಲಿ ಎರಡು ಪಾಲು ಮತಗಳು ಬೇಕು. ನಮ್ಮಲ್ಲಿ ಇಂತಹ ಮತದಾನವಿಲ್ಲ. ಆದರೆ ಒಪ್ಪಿ ತೆರುವುದೆಂಬ ಭಾವವು ಪಡುಗಡಲ ತೀರಕ್ಕೆ ಹೊಸದಲ್ಲ.

ಇಂದಿನ ಬ್ರಹ್ಮಾವರ ತಾಲ್ಲೂಕಿನ ಬಾರಕೂರು ವಿಜಯನಗರದ ಅರಸರ ಕಾಲದಲ್ಲಿ ಒಂದು ರಾಜ್ಯದ ಮುಖ್ಯಪಟ್ಟಣವಾಗಿದ್ದಿತು. ಕುಂದಾಪುರ ತಾಲ್ಲೂಕಿನ ಬಸರೂರು ಅಕ್ಕಿಯ ವ್ಯಾಪಾರಕ್ಕೆ ಹೆಸರಾದ ರೇವು. ಬಾರಕೂರಿನಲ್ಲಿ ಮೂಡಕೇರಿ, ಕೋಟೆಕೇರಿ, ಚೌಳಿಕೇರಿ, ಮಣಿಗಾರಕೇರಿ ಮೊದಲಾದ ಕೇರಿಗಳಿದ್ದುವು. ಇಲ್ಲಿಯ ಕೇರಿಗಳ ಕಾರ್ಯವನ್ನು ನಡೆಸಿದವರನ್ನು ಶಾಸನಗಳು ‘ಹಲರು’ ಎಂದು ಕರೆಯುವುವು. ಬಸರೂರಿನಲ್ಲಿ ಸೆಟ್ಟಿಕಾರರೂ ನಖರ, ಹಂಜಮಾನಗಳೆಂಬ ವರ್ತಕಸಂಘಗಳೂ ಕಾಣಬರುವುವು. ಹಲರು ಎಂಬುದು ಹಳಗನ್ನಡದ ‘ಪಲರ್’ ಎಂಬುದರ ರೂಪ, ಅನೇಕರು ಎಂದರ್ಥ. ಒಬ್ಬನ ಅಪ್ಪಣೆಯಲ್ಲ, ಹಲವರ ಒಡಂಬಡಿಕೆಯೆಂಬ ಭಾವವು ಆ ಹೆಸರಿನಲ್ಲಿಯೇ ಅಡಗಿರುವುದು.

ಅರಸನಿಗೆ ಸಲ್ಲುವ ಸುಂಕ ಬೇರೆ. ವರ್ತಕರು ತಾವಾಗಿ ಒಪ್ಪಿಕೊಂಡ ಆಯ ಬೇರೆ. ಈ ಎರಡನೆಯದರ ಬಗೆಯನ್ನು ತಿಳಿಯಲು ಘಟ್ಟದ ಮೇಲಣ ಉದಾಹರಣೆಯೊಂದು ನೆರವಾಗುವುದು. 1204ರ ಬೆಳಗಾವಿಯ ಶಾಸನದಲ್ಲಿ ನಾನಾ ಕಡೆಗಳ ವರ್ತಕರು ಕೂಡಿ, ಮಾರುವ ಸರಕುಗಳ ಮೇಲೆ ಇಷ್ಟಿಷ್ಟೆಂದು ಗೊತ್ತುಮಾಡಿ ಅಲ್ಲಿಯ ರಟ್ಟ ಜಿನಾಲಯಕ್ಕೆ ಬಿಟ್ಟುಕೊಟ್ಟರು. ದೇವಾಲಯವು ಆ ಕಾಲದಲ್ಲಿ ಪೂಜಾಸ್ಥಾನ ಮಾತ್ರವಲ್ಲ. ಅನ್ನದಾನ, ವಿದ್ಯಾದಾನಗಳಿಗೂ ನೆಲೆ. ಕೊಡುವವರಾರು, ಎಷ್ಟು ಕೊಡತಕ್ಕದ್ದು, ಯಾವ ಕಾರ್ಯಕ್ಕೆ ಎಂಬ ಮೂರನ್ನೂ ಕಲ್ಲಿನಲ್ಲಿ ಕೊರೆದು ಎಲ್ಲರ ಕಣ್ಣೆದುರು ನಿಲ್ಲಿಸಿದುದೇ ಇಂತಹ ಕಟ್ಟಳೆಗಳ ಬಲ.

ಹೀಗೆಂದು ಆ ವ್ಯವಸ್ಥೆಯನ್ನು ಪ್ರಜಾಪ್ರಭುತ್ವವೆನ್ನಲಾಗದು. ಹಲರು ಎಂದರೆ ಎಲ್ಲರಲ್ಲ. ಕೇರಿಯ ಮುಖ್ಯಸ್ಥರ ಮಾತು ನಡೆಯಿತೇ ಹೊರತು, ಹೇರನ್ನು ಹೊತ್ತವರ ಸಮ್ಮತಿಯನ್ನು ಯಾರೂ ಕೇಳಲಿಲ್ಲ.

ಈಗಿನ ವ್ಯವಸ್ಥೆಯಲ್ಲಿ ಸ್ಥಿತಿಯು ತಿರುಗುಮುರುಗಾಗಿದೆ. 1882ರಲ್ಲಿ ರಿಪನ್ ಪ್ರಭುವು ಹೊರಡಿಸಿದ ನಿರ್ಣಯದಿಂದ ಸ್ಥಳೀಯ ಸ್ವರಾಜ್ಯಕ್ಕೆ ಚಾಲನೆ ದೊರೆಯಿತು. 1956ರವರೆಗೆ ಮದರಾಸಿಗೆ ಸೇರಿದ್ದ ಈ ಸೀಮೆಗೆ 1920ರ ಮದರಾಸು ಜಿಲ್ಲಾ ಮುನಿಸಿಪಾಲಿಟಿ ಕಾಯಿದೆಯು ಬಂದಿತು. ಕರ್ನಾಟಕದ 1964ರ ಪುರಸಭಾ ಕಾಯಿದೆಯ ಮೇರೆಗೆ ಸಭೆಯು ನಿರ್ಣಯ ಮಾಡಿ, ಪ್ರಕಟಿಸಿ, ನಿವಾಸಿಗಳ ಆಕ್ಷೇಪಣೆಗಳನ್ನು ವಿಚಾರಿಸಿದ ಮೇಲೆ ತೆರಿಗೆಯನ್ನು ವಿಧಿಸತಕ್ಕದ್ದು. ಸದಸ್ಯರನ್ನು ಆರಿಸುವವರು ವಯಸ್ಕರೆಲ್ಲರೂ. ಕೂಲಿಕಾರನ ಮತವೂ ವರ್ತಕನ ಮತವೂ ಸಮಾನ. ಹೇರಿನ ಸುಂಕದ ವಂಶಕ್ಕೆ ಸೇರಿದ ಆಕ್ಟ್ರಾಯ್ ಕರ್ನಾಟಕದಲ್ಲಿ 1979ರಲ್ಲಿ ರದ್ದಾದ ಬಳಿಕ, ಪುರಸಭೆಗಳ ಸ್ವಂತ ಆದಾಯಕ್ಕೆ ಮನೆ, ನಿವೇಶನಗಳ ಮೇಲಿನ ತೆರಿಗೆಯೇ ಮುಖ್ಯ ಆಧಾರವಾಯಿತು. ದೊಡ್ಡ ಕಾಮಗಾರಿಗಳಿಗೆ ಸರಕಾರದ ಅನುದಾನವನ್ನು ನೆಚ್ಚಬೇಕಾಗಿದೆ. ಆ ತೆರಿಗೆಯು ಸಾಮಾನ್ಯ ನಿಧಿಯಲ್ಲಿ ಬೆರೆಯುವುದರಿಂದ, ತಾನು ತೆತ್ತ ಹಣವು ಯಾವ ದಾರಿಯಾಯಿತು, ಯಾವ ಚರಂಡಿಯಾಯಿತು ಎಂಬುದು ತೆತ್ತವನಿಗೆ ಕಾಣುವುದಿಲ್ಲ.

ಹಿಂದೆ ಉದ್ದೇಶವು ಸ್ಪಷ್ಟವಾಗಿದ್ದಿತು, ಸಮ್ಮತಿಯು ಕೆಲವರದಾಗಿದ್ದಿತು. ಇಂದು ಸಮ್ಮತಿಯ ಹಕ್ಕು ಎಲ್ಲರದು, ಉದ್ದೇಶವು ಮರೆಯಾಗಿದೆ. ಕುಂದಾಪುರದ ಪುರಸಭೆಗಾಗಲಿ ಬೈಂದೂರಿನ ಪಟ್ಟಣ ಪಂಚಾಯತಿಗಾಗಲಿ ಹಳೆಯ ಶಾಸನಗಳು ಹೇಳುವ ಪಾಠವಿಷ್ಟು: ತೆರಿಗೆಯ ಮೊತ್ತದೊಡನೆ ಅದರ ಕಾರ್ಯವನ್ನೂ ಊರ ನಡುವೆ ಬರೆದು ನಿಲ್ಲಿಸಿದಲ್ಲಿ, ತೆರುವವನು ಒಕ್ಕಲಾಗಿ ಉಳಿಯದೆ ಒಡೆಯನಾಗುವನು.