ಕಪಾಟಿನಲ್ಲೇ ಬಿರುಕು ಬಿಡುವ ಕಾರುಗಳು

ಹಳೆಯ ನಾಣ್ಯ, ಅಂಚೆಚೀಟಿಗಳನ್ನು ಸಂಗ್ರಹಿಸುವವರನ್ನು ನೀವು ನೋಡಿರುತ್ತೀರಿ. ಬ್ರಿಟನ್ನಿನಲ್ಲಿ ಅದೇ ಶ್ರದ್ಧೆಯಿಂದ ಲೋಹದ ಹಳೆಯ ಆಟಿಕೆ ಕಾರುಗಳನ್ನು ಸಂಗ್ರಹಿಸುವವರಿದ್ದಾರೆ. ಅವರಲ್ಲಿ ಅನೇಕರಿಗೆ ಐಷಾರಾಮಿ ಕಾರುಗಳಿಗಿಂತ ಆಸ್ಟಿನ್, ಮಾರಿಸ್, ಹಿಲ್‌ಮನ್, ವಾಕ್ಸ್‌ಹಾಲ್‌ನಂತಹ ಸಾಧಾರಣ ಕುಟುಂಬದ ಕಾರುಗಳೇ ಅಚ್ಚುಮೆಚ್ಚು. ನಾಣ್ಯವನ್ನು ಡಬ್ಬಿಯಲ್ಲಿಟ್ಟು ಮರೆತರೂ ಅದಕ್ಕೆ ಹೆಚ್ಚಿನ ಹಾನಿಯಾಗದು. ಆದರೆ 1930ರ ದಶಕದ ಈ ಕಾರುಗಳಲ್ಲಿ ಕೆಲವು, ಯಾರೂ ಮುಟ್ಟದಿದ್ದರೂ ಕಪಾಟಿನಲ್ಲೇ ಉಬ್ಬಿ, ಬಾಗಿ, ಬಿರುಕು ಬಿಟ್ಟು ಕೊನೆಗೆ ಪುಡಿಯಾಗುತ್ತವೆ. ಅದೇ ಕಾರ್ಖಾನೆಯ ಅದೇ ಅಚ್ಚಿನಿಂದ ಬಂದ ಇನ್ನೊಂದು ಕಾರು ಎಂಟು ದಶಕ ಕಳೆದರೂ ಗಟ್ಟಿಮುಟ್ಟಾಗಿರುತ್ತದೆ. ಇದಕ್ಕೆ ಕಾರಣವೇನು? ಉತ್ತರ ಲೋಹದ ಶುದ್ಧತೆಯಲ್ಲಿದೆ.

ಆಟಿಕೆಗಳ ಪರಿಚಯ

ಲಿವರ್‌ಪೂಲ್‌ನ ಬಿನ್ಸ್ ರಸ್ತೆಯಲ್ಲಿದ್ದ, ಫ್ರಾಂಕ್ ಹಾರ್ನ್‌ಬಿ ಸ್ಥಾಪಿಸಿದ ಮೆಕಾನೊ ಕಂಪನಿಯು 1933ರ ಕೊನೆಯಲ್ಲಿ ಸಣ್ಣ ಮಾದರಿ ವಾಹನಗಳನ್ನು ಮಾರುಕಟ್ಟೆಗೆ ತಂದಿತು. 1934ರಲ್ಲಿ ಅವುಗಳಿಗೆ 'ಡಿಂಕಿ ಟಾಯ್ಸ್' ಎಂದು ಹೆಸರಿಟ್ಟಿತು. ಎರಡನೆಯ ಮಹಾಯುದ್ಧದ ನಂತರ ಇದೇ ಕಂಪನಿಯಿಂದ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್, ಆಸ್ಟಿನ್ ಡೆವನ್, ಮಾರಿಸ್ ಆಕ್ಸ್‌ಫರ್ಡ್, ಹಿಲ್‌ಮನ್ ಮಿಂಕ್ಸ್ ಮಾದರಿಗಳು ಬಂದವು. 1953ರಲ್ಲಿ ಲೆಸ್ನಿ ಕಂಪನಿಯ, ಬೆಂಕಿಪೊಟ್ಟಣದಂತಹ ಪೆಟ್ಟಿಗೆಯಲ್ಲಿ ಹಿಡಿಸುವ 'ಮ್ಯಾಚ್‌ಬಾಕ್ಸ್' ಸರಣಿ ಆರಂಭವಾಯಿತು. 1956ರಲ್ಲಿ ಮೆಟ್ಟಾಯ್ ಕಂಪನಿಯು ಪಾರದರ್ಶಕ ಪ್ಲಾಸ್ಟಿಕ್ ಕಿಟಕಿಗಳಿದ್ದ 'ಕಾರ್ಗಿ' ಕಾರುಗಳನ್ನು ಹೊರತಂದಿತು. ಬಿನ್ಸ್ ರಸ್ತೆಯ ಕಾರ್ಖಾನೆ 1979ರಲ್ಲಿ ಮುಚ್ಚಿತು. 1982ರಲ್ಲಿ ಲೆಸ್ನಿ, 1983ರಲ್ಲಿ ಮೆಟ್ಟಾಯ್ ಕುಸಿದವು.

ಈ ಕಾರುಗಳಲ್ಲಿ ಕೆಲವು ನಮಗೂ ಅಪರಿಚಿತವಲ್ಲ. ಡಿಂಕಿ ಮಾದರಿಯ ಮಾರಿಸ್ ಆಕ್ಸ್‌ಫರ್ಡ್, ನಮ್ಮ ದೇಶದಲ್ಲಿ 'ಹಿಂದೂಸ್ಥಾನ್ ಫೋರ್ಟೀನ್' ಎಂದು ಓಡಾಡಿತು. ಅದರ ಮುಂದಿನ ಪೀಳಿಗೆಯ ಆಕ್ಸ್‌ಫರ್ಡ್ ಕಾರೇ 1950ರ ದಶಕದ ಕೊನೆಯಿಂದ 2014ರವರೆಗೆ ಇಲ್ಲಿ ತಯಾರಾದ ಅಂಬಾಸಡರ್.

ಅಚ್ಚು ಮತ್ತು ಎರಕ

ಈ ಆಟಿಕೆಗಳನ್ನು ತಯಾರಿಸುವ ವಿಧಾನಕ್ಕೆ ಡೈ ಕಾಸ್ಟಿಂಗ್ ಎಂದು ಹೆಸರು. ಎರಡು ಅಥವಾ ಹೆಚ್ಚು ಭಾಗಗಳಿರುವ ಉಕ್ಕಿನ ಅಚ್ಚನ್ನು ಬಿಗಿಯಾಗಿ ಮುಚ್ಚಿ, ಕರಗಿದ ಲೋಹವನ್ನು ಒತ್ತಡದಿಂದ ಅದರೊಳಕ್ಕೆ ನುಗ್ಗಿಸುತ್ತಾರೆ. ಲೋಹ ಕ್ಷಣಾರ್ಧದಲ್ಲಿ ಗಟ್ಟಿಯಾಗುತ್ತದೆ. ಅಚ್ಚನ್ನು ತೆರೆದರೆ ಬಾಗಿಲಿನ ಗೆರೆ, ದೀಪದ ಉಬ್ಬುಗಳ ಸಮೇತ ಕಾರಿನ ಮೈ ಸಿದ್ಧ.

ಇದಕ್ಕೆ ಸತುವೇ ಏಕೆ? ಸೀಸ ಸುಲಭವಾಗಿ ಕರಗುತ್ತದೆ, ಡಿಂಕಿಯ ಆರಂಭದ ಕೆಲವು ಮಾದರಿಗಳು ಸೀಸದ ಮಿಶ್ರಲೋಹದಿಂದಲೇ ಆದವು. ಆದರೆ ಸೀಸ ಮೆದು, ಭಾರ, ಮೇಲಾಗಿ ವಿಷಕಾರಿ. ಸತುವಿನ ಮಿಶ್ರಲೋಹ ಸುಮಾರು 385 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಉಕ್ಕಿನ ಅಚ್ಚು ಇಷ್ಟು ಶಾಖವನ್ನು ಲಕ್ಷಾಂತರ ಬಾರಿ ತಾಳಬಲ್ಲದು. ಅಮೆರಿಕದ ನ್ಯೂಜೆರ್ಸಿ ಝಿಂಕ್ ಕಂಪನಿಯು 1929ರಲ್ಲಿ ರೂಪಿಸಿದ ಇಂತಹ ಮಿಶ್ರಲೋಹಕ್ಕೆ 'ಜಾಮಾಕ್' ಎಂದು ಹೆಸರು. ಸತು, ಅಲ್ಯೂಮಿನಿಯಂ, ಮೆಗ್ನೀಸಿಯಂ, ತಾಮ್ರ ಇವುಗಳ ಜರ್ಮನ್ ಹೆಸರುಗಳ ಮೊದಲಕ್ಷರಗಳಿಂದ ಈ ಪದ ಹುಟ್ಟಿತು. ಬ್ರಿಟನ್ನಿನಲ್ಲಿ ಇದನ್ನು 'ಮ್ಯಾಜಾಕ್' ಎನ್ನುತ್ತಾರೆ. ಇದರಲ್ಲಿ ಅಲ್ಯೂಮಿನಿಯಂ ಸುಮಾರು ಶೇಕಡಾ 4ರಷ್ಟಿರುತ್ತದೆ. ಅದು ಎರಕಕ್ಕೆ ಬಲ ಕೊಡುತ್ತದೆ, ಕರಗಿದ ಸತು ಕಬ್ಬಿಣವನ್ನು ತಿನ್ನುವುದನ್ನೂ ತಗ್ಗಿಸುತ್ತದೆ.

ರಾಗಿ ಕಾಳಿನಷ್ಟೂ ಇಲ್ಲದ ಸೀಸ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಈ ಮಿಶ್ರಲೋಹದಲ್ಲಿ ಸೀಸದ ಪ್ರಮಾಣ ಶೇಕಡಾ 0.005ನ್ನು ಮೀರಬಾರದು. ಕ್ಯಾಡ್ಮಿಯಂ ಮತ್ತು ತವರಕ್ಕೆ ಮಿತಿ ಇನ್ನೂ ಕಡಿಮೆ. 100 ಗ್ರಾಂ ತೂಕದ ಆಟಿಕೆ ಎಂದುಕೊಂಡರೆ, ಇದು 5 ಮಿಲಿಗ್ರಾಂ ಸೀಸ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ. ಲೆಕ್ಕ ಹಾಕಿ ನೋಡಿ: 5 ಮಿಲಿಗ್ರಾಂ ಸೀಸದ ಗೋಳದ ವ್ಯಾಸ 1 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಅದು ರಾಗಿ ಕಾಳಿಗಿಂತ ಚಿಕ್ಕದು!

ಎರಕದ ಮನೆಯಲ್ಲಿ ಉಳಿದ ತುಣುಕುಗಳನ್ನೂ ಕೆಟ್ಟ ಎರಕಗಳನ್ನೂ ಮತ್ತೆ ಕರಗಿಸುವುದು ರೂಢಿ. ಒಂದು ಟನ್ ಲೋಹಕ್ಕೆ ಸೀಸದ ಮಿತಿ ಕೇವಲ 50 ಗ್ರಾಂ. ಬೆಸುಗೆ ಲೋಹವೋ ಸೀಸದ ಹಳೆಯ ಎರಕವೋ ಒಂದಿಷ್ಟು ಬೆರೆತರೂ ಆ ಕಡಾಯಿಯ ಲೋಹವೆಲ್ಲ ಕೆಟ್ಟಂತೆ. ಒಂದೇ ಅಚ್ಚಿನ ಒಂದು ಕಾರು ಉಳಿದು ಇನ್ನೊಂದು ಅಳಿಯುವ ಗುಟ್ಟು ಇದೇ.

ಇಷ್ಟು ಅಲ್ಪ ಪ್ರಮಾಣದ ಸೀಸ ಮಾಡುವುದಾದರೂ ಏನು? ಲೋಹವು ಗಟ್ಟಿಯಾಗುವಾಗ ಅಸಂಖ್ಯಾತ ಸೂಕ್ಷ್ಮ ಸ್ಫಟಿಕ ಕಣಗಳಾಗಿ ಬೆಳೆಯುತ್ತದೆ. ಘನ ಸತುವಿನಲ್ಲಿ ಸೀಸ ಕರಗದು. ಹಾಗಾಗಿ ಬೆಳೆಯುತ್ತಿರುವ ಕಣಗಳು ಅದನ್ನು ಅಂಚಿಗೆ ತಳ್ಳುತ್ತವೆ. ಕೊನೆಗೆ ಸೀಸವೆಲ್ಲ ಕಣಗಳ ನಡುವಿನ ಸೀಮೆಯಲ್ಲಿ ಸೇರಿಕೊಳ್ಳುತ್ತದೆ. ಇಡೀ ಆಟಿಕೆಯಲ್ಲಿ ಅತ್ಯಲ್ಪವಾಗಿದ್ದರೂ ಆ ಸೀಮೆಯಲ್ಲಿ ಅದರ ಸಾಂದ್ರತೆ ಅಧಿಕ. ಗಾಳಿಯ ತೇವ ಅಲ್ಲಿಗೆ ತಲುಪಿದಾಗ ಪುಟ್ಟ ವಿದ್ಯುತ್‌ಕೋಶಗಳು ಏರ್ಪಟ್ಟು, ಸಂಕ್ಷಾರಣೆಯು ಸೀಮೆಯ ಗುಂಟ ಒಳಕ್ಕೆ ಸಾಗುತ್ತದೆ.

ಉಬ್ಬುವುದು ಏಕೆಂಬುದನ್ನು ಲೆಕ್ಕದಿಂದಲೇ ತಿಳಿಯಬಹುದು. ಒಂದು ಮೋಲ್ ಸತುವಿನ ಗಾತ್ರ 9.16 ಘನ ಸೆಂಟಿಮೀಟರ್. ಅದು ಆಕ್ಸೈಡ್ ಆದಾಗ ಗಾತ್ರ ಸುಮಾರು 14.5 ಘನ ಸೆಂಟಿಮೀಟರ್, ಅಂದರೆ 1.58 ಪಟ್ಟು. ಲೋಹದ ಶೇಕಡಾ 3 ಭಾಗ ಆಕ್ಸೈಡ್ ಆಯಿತೆನ್ನಿ. ಒಟ್ಟು ಗಾತ್ರ ಶೇಕಡಾ 1.74ರಷ್ಟು, ಉದ್ದ ಸುಮಾರು ಶೇಕಡಾ 0.58ರಷ್ಟು ಹೆಚ್ಚುತ್ತದೆ. 10 ಸೆಂಟಿಮೀಟರ್ ಕಾರು ಅರ್ಧ ಮಿಲಿಮೀಟರಿಗಿಂತ ಹೆಚ್ಚು ಬೆಳೆದಂತಾಯಿತು. ಈ ಒತ್ತಡಕ್ಕೆ ಕಣಗಳು ಬೇರ್ಪಡುತ್ತವೆ, ಹೊಸ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ತೇವ ಇನ್ನಷ್ಟು ಒಳಗಿಳಿಯುತ್ತದೆ.

ಇದು ಅಂಟುರೋಗವಲ್ಲ

ಸಂಗ್ರಾಹಕರು ಇದನ್ನು 'ಸತುವಿನ ಪಿಡುಗು' ಎನ್ನುತ್ತಾರೆ. ಹೆಸರು ಕೇಳಿ ಕೆಲವರು ರೋಗಪೀಡಿತ ಕಾರನ್ನು ಉಳಿದವುಗಳಿಂದ ದೂರ ಇಡುವುದುಂಟು. ಅದರ ಅಗತ್ಯವಿಲ್ಲ. ತವರಕ್ಕೂ 'ಪಿಡುಗು' ಇದೆ: 13 ಡಿಗ್ರಿಗಿಂತ ಕೆಳಗೆ ಬಿಳಿ ತವರ ಬೂದು ರೂಪಕ್ಕೆ ಬದಲಾಗಬಲ್ಲದು, ಬೂದು ತವರದ ಚೂರು ತಗುಲಿದರೆ ಆ ಬದಲಾವಣೆ ಚುರುಕಾಗುತ್ತದೆ. ಸತುವಿನದು ಹಾಗಲ್ಲ. ಅದರ ಭವಿಷ್ಯ ಎರಕ ಹೊಯ್ದ ದಿನವೇ ನಿಶ್ಚಯವಾಗಿರುತ್ತದೆ. ಶುದ್ಧ ಲೋಹದ ಕಾರಿಗೆ ಪಕ್ಕದ ಕಾರಿನಿಂದ ಅಪಾಯವಿಲ್ಲ. ಅಶುದ್ಧ ಲೋಹದ್ದಕ್ಕೆ ಔಷಧವಿಲ್ಲ. ಅಂಟು ಹಚ್ಚಿದರೂ ಬಣ್ಣ ಬಳಿದರೂ ಒಳಗಿನ ಸೀಸ ಹೊರಬಾರದು.

ಆದರೆ ವೇಗವನ್ನು ತಗ್ಗಿಸಬಹುದು. ಶಾಖ ಮತ್ತು ತೇವ ಎರಡೂ ಕ್ರಿಯೆಯನ್ನು ಚುರುಕುಗೊಳಿಸುತ್ತವೆ. ಎರಕವನ್ನು 95 ಡಿಗ್ರಿ ಹಬೆಯಲ್ಲಿ ಹತ್ತು ದಿನ ಇಟ್ಟು ಗುಣಮಟ್ಟ ಪರೀಕ್ಷಿಸುವ ಕ್ರಮ ಇದೇ ತತ್ತ್ವದ ಮೇಲೆ ನಿಂತಿದೆ. ಆದ್ದರಿಂದ ಒಣ, ತಂಪು ಜಾಗ ಮತ್ತು ಸಿಲಿಕಾ ಜೆಲ್ ಪೊಟ್ಟಣ ಒಳ್ಳೆಯದು. ಓಕ್ ಮರದ ಕಪಾಟು, ಕಳಪೆ ರಟ್ಟು ಹೊರಸೂಸುವ ಅಸಿಟಿಕ್ ಆಮ್ಲದ ಆವಿ ಸೀಸ, ಸತು ಎರಡಕ್ಕೂ ಹಾನಿಕರ. ಇಲ್ಲೊಂದು ಇಕ್ಕಟ್ಟಿದೆ. ಮೂಲ ರಟ್ಟಿನ ಪೆಟ್ಟಿಗೆ ಇದ್ದರೆ ಆಟಿಕೆಗೆ ಬೆಲೆ ಹೆಚ್ಚು, ಆದರೆ ಅದರೊಳಗೇ ಮುಚ್ಚಿಟ್ಟರೆ ಅಪಾಯ. ಎರಡನ್ನೂ ಬೇರೆ ಬೇರೆ ಇಡುವುದೇ ಲೇಸು.

ಬಟ್ಟಿ ಇಳಿಸಿದ ಸತು

ಪಿಡುಗಿಗೆ ನಿಜವಾದ ಪರಿಹಾರ ದೊರೆತದ್ದು ಸತುವನ್ನು ಶೇಕಡಾ 99.99ರಷ್ಟು ಶುದ್ಧಗೊಳಿಸಿದಾಗ. ಸತು 907 ಡಿಗ್ರಿಯಲ್ಲಿ, ಸೀಸ ಸುಮಾರು 1750 ಡಿಗ್ರಿಯಲ್ಲಿ, ಕ್ಯಾಡ್ಮಿಯಂ 767 ಡಿಗ್ರಿಯಲ್ಲಿ ಕುದಿಯುತ್ತವೆ. ಮೊದಲು ಸತುವನ್ನು ಆವಿಯಾಗಿಸಿದರೆ ಸೀಸ ಹಿಂದುಳಿಯುತ್ತದೆ. ಮತ್ತೊಮ್ಮೆ ಬಟ್ಟಿ ಇಳಿಸಿದರೆ ಕ್ಯಾಡ್ಮಿಯಂ ಮೊದಲೇ ಹಾರಿಹೋಗುತ್ತದೆ. ಸತುವನ್ನು ಆವಿಯಾಗಿಸಿ ಪಡೆಯುವ ಕಲೆ ರಾಜಸ್ಥಾನದ ಜಾವರ್‌ನಲ್ಲಿ ಶತಮಾನಗಳ ಹಿಂದೆಯೇ ಬಳಕೆಯಲ್ಲಿತ್ತು ಎಂಬುದು ನೆನಪಿಡಬೇಕಾದ ಸಂಗತಿ. ಹಾಗೆಂದು ಪಿಡುಗು ಪೂರ್ತಿ ಮರೆಯಾಗಿಲ್ಲ. ಈ ಶತಮಾನದಲ್ಲಿ ತಯಾರಾದ ಕೆಲವು ಮಾದರಿ ರೈಲುಗಳಲ್ಲೂ ಅದು ಕಾಣಿಸಿಕೊಂಡಿದೆ. ಎಚ್ಚರ ತಪ್ಪಿದ ಕಡೆ ಸೀಸ ಮರಳಿ ಬರುತ್ತದೆ.

ತರಗತಿಯಲ್ಲಿ ಮಾಡಿ ನೋಡಿ

ಮುರಿದ ಹೊಸ ಆಟಿಕೆ ಕಾರೊಂದರ ಲೋಹದ ಭಾಗವನ್ನು ಬಿಡಿಸಿ ತೂಗಿರಿ. ಅಳತೆ ಜಾಡಿಯ ನೀರಿನಲ್ಲಿ ಮುಳುಗಿಸಿ ಗಾತ್ರ ಕಂಡುಹಿಡಿಯಿರಿ. ಸಾಂದ್ರತೆ 6.6ರ ಆಸುಪಾಸು ಬಂದರೆ ಅದು ಸತುವಿನ ಮಿಶ್ರಲೋಹವಿರಬೇಕು. ಸೀಸದ್ದಾದರೆ ಇದಕ್ಕಿಂತ ಬಹಳ ಹೆಚ್ಚು ಬರುತ್ತದೆ. ಹಳೆಯ ಆಟಿಕೆಗಳನ್ನು ಮಾತ್ರ ಈ ಪ್ರಯೋಗಕ್ಕೆ ಬಳಸಬೇಡಿ. ಅವುಗಳ ಬಣ್ಣದಲ್ಲಿ ಸೀಸವಿರಬಹುದು.

ಆಮೇಲೆ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಹಾಕಿ: ಈ ಅಳತೆಯಿಂದ ಶೇಕಡಾ 0.005ರಷ್ಟು ಸೀಸವನ್ನು ಪತ್ತೆ ಹಚ್ಚಲು ಸಾಧ್ಯವೇ? ಸಾಧ್ಯವಿಲ್ಲ ಎಂಬುದನ್ನು ಅವರೇ ಲೆಕ್ಕದಿಂದ ತೋರಿಸಲಿ. ನಮ್ಮ ತಕ್ಕಡಿ, ಜಾಡಿಗಳ ಕಣ್ಣಿಗೆ ಬೀಳದ ಅಷ್ಟು ಸಣ್ಣ ಅಂಶವೇ ಆಟಿಕೆಯ ಆಯುಷ್ಯವನ್ನು ನಿರ್ಧರಿಸುತ್ತದೆ.